ವಿಶ್ವ ಕ್ರಾಸ್ ಕಂಟ್ರಿ: ಗೆದ್ದವರನ್ನಷ್ಟೇ ಅಲ್ಲ, ತಂಡದ ನಾಲ್ಕನೆಯವರನ್ನೂ ನೋಡಿ

ಹೊಲದಂಚು (ಚರ್ಚೆ ಆರಂಭಿಸಿದವರು)

2026ರ ಜನವರಿಯಲ್ಲಿ ಅಮೆರಿಕದ ಟ್ಯಾಲಹಾಸಿಯಲ್ಲಿ ಯುಗಾಂಡಾದ ಜೇಕಬ್ ಕಿಪ್ಲಿಮೊ ವಿಶ್ವ ಕ್ರಾಸ್ ಕಂಟ್ರಿ (ಟ್ರ್ಯಾಕ್ ಬಿಟ್ಟು ಹುಲ್ಲು, ಕೆಸರು, ದಿಬ್ಬಗಳ ಮೇಲೆ ಓಡುವ ಗುಡ್ಡಗಾಡು ಓಟ) ಗೆದ್ದರಲ್ಲ, ಅದು ಅವರಿಗೆ ಸತತ ಮೂರನೆಯದು. 2023ರಲ್ಲಿ ಆಸ್ಟ್ರೇಲಿಯಾದ ಬಾತರ್ಸ್ಟ್, 2024ರಲ್ಲಿ ಸರ್ಬಿಯಾದ ಬೆಲ್‌ಗ್ರೇಡ್, ಆಮೇಲೆ ಇದು. ಓಟದ ಮಾತು ಬಂದಾಗಲೆಲ್ಲ ಗೆಳೆಯರ ಬಾಯಲ್ಲಿ ಅವರದೇ ಹೆಸರು. ಸಂತೋಷವೇ. ಆದರೆ ಮೊದಲಿಗರು ಗೆರೆ ದಾಟಿದ ಕೂಡಲೇ ಟಿವಿ ಆರಿಸುವವರು ಅರ್ಧ ಪಂದ್ಯವನ್ನಷ್ಟೇ ನೋಡಿರುತ್ತಾರೆ.

ಇದು ತಂಡದ ಆಟ. ಹಿರಿಯರ (ಸೀನಿಯರ್) ಓಟದಲ್ಲಿ ಒಂದು ದೇಶದಿಂದ ಆರು ಜನ ಓಡುತ್ತಾರೆ, ಮೊದಲು ಬಂದ ನಾಲ್ವರ ಸ್ಥಾನಗಳನ್ನು ಕೂಡುತ್ತಾರೆ. ಮೊತ್ತ ಯಾರದು ಕಡಿಮೆಯೋ ಅವರಿಗೆ ಚಿನ್ನ. 2019ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಜೋಶುವಾ ಚೆಪ್ಟೆಗೈ ಮೊದಲು, ಕಿಪ್ಲಿಮೊ ಎರಡನೆಯವರು. ಇಬ್ಬರೂ ಯುಗಾಂಡಾದವರು. ಮೂರನೆಯ ಸ್ಥಾನ ಕೀನ್ಯಾದ ಕಾಮ್ವೊರೊರ್‌ಗೆ ಹೋಯಿತು. ಹಾಗಾದರೆ ಯುಗಾಂಡಾಕ್ಕೆ ತಂಡದ ಚಿನ್ನ ಆಗಲೇ ಸಿಕ್ಕಿತ್ತೇ? ಇಲ್ಲ. ಥಾಮಸ್ ಅಯೆಕೊ ಏಳನೆಯವರಾಗಿ, ಜೋಯಲ್ ಅಯೆಕೊ ಹತ್ತನೆಯವರಾಗಿ ಬಂದ ಮೇಲೆ ಲೆಕ್ಕ ಮುಗಿಯಿತು: 1, 2, 7, 10, ಒಟ್ಟು 20. ಪುರುಷರ ಹಿರಿಯರ ವಿಭಾಗದಲ್ಲಿ ಯುಗಾಂಡಾಕ್ಕೆ ಅದೇ ಮೊದಲ ತಂಡ ಪ್ರಶಸ್ತಿ. ಹತ್ತನೆಯವರಾಗಿ ಬಂದವರಿಗೆ ಯಾವ ಟಿವಿಯೂ ಮೈಕ್ ಹಿಡಿಯುವುದಿಲ್ಲ. ಆದರೆ ಅವರು ಹಿಂದೆ ಬಿದ್ದಷ್ಟೂ ತಂಡದ ಮೊತ್ತ ಏರುತ್ತಿತ್ತು, ಚಿನ್ನ ದೂರವಾಗುತ್ತಿತ್ತು.

ಎರಡು ತಂಡಗಳ ಮೊತ್ತ ಸಮನಾದರೆ, ಲೆಕ್ಕಕ್ಕೆ ಬರುವ ಕೊನೆಯ ಓಟಗಾರ ಯಾರದು ಮುಂದಿದ್ದಾನೋ ಆ ತಂಡ ಗೆಲ್ಲುತ್ತದೆ. ಅಂದರೆ ನಿಯಮವೇ ನಾಲ್ಕನೆಯವನ ಕೈಗೆ ತೀರ್ಪು ಕೊಟ್ಟಿದೆ. ನಿಮಗೆ ನೆನಪಿರುವ ಓಟಗಳನ್ನು ಈ ಕಣ್ಣಿನಿಂದ ನೋಡಿ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಬೆಳಗಿನನಡಿಗೆ

ಒಳ್ಳೆ ವಿಷಯ ಎತ್ತಿದಿರಿ ಸರ್. ನಾನು ಈ ಕೂಟವನ್ನು ಯಾವತ್ತೂ ನೋಡಿದವಳಲ್ಲ, ಆದ್ದರಿಂದ ಕೇಳುತ್ತೇನೆ. ನಾಲ್ವರದ್ದೇ ಲೆಕ್ಕ ಅಂದಮೇಲೆ ಐದನೆಯವರು, ಆರನೆಯವರು ಸುಮ್ಮನೆ ಓಡುತ್ತಾರಾ?

ಹೊಲದಂಚು

ಇಲ್ಲ ಮೇಡಂ, ಅವರ ಕೆಲಸವೂ ದೊಡ್ಡದೇ. ಅವರು ಎದುರಾಳಿಯ ಮೂರನೆಯವನನ್ನೋ ನಾಲ್ಕನೆಯವನನ್ನೋ ಹಿಂದೆ ಹಾಕಿದರೆ ಆ ತಂಡದ ಮೊತ್ತ ಏರುತ್ತದೆ. ತಮ್ಮ ತಂಡಕ್ಕೆ ಅಂಕ ಕೂಡದಿದ್ದರೂ ಎದುರಾಳಿಗೆ ಭಾರ ಹೇರುತ್ತಾರೆ. ಜೊತೆಗೆ ಮುಂದಿನ ನಾಲ್ವರಲ್ಲಿ ಒಬ್ಬರು ಹೊಟ್ಟೆನೋವೆಂದು ನಿಂತುಬಿಟ್ಟರೆ ಐದನೆಯವರೇ ಲೆಕ್ಕಕ್ಕೆ ಬರುತ್ತಾರೆ.

ಹಿಂದೆ ಪುರುಷರಲ್ಲಿ ಆರು ಜನರ ಸ್ಥಾನ ಕೂಡುತ್ತಿದ್ದರು, ತಂಡವೂ ದೊಡ್ಡದಿತ್ತು. 1988ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಮೊದಲ ಒಂಬತ್ತರಲ್ಲಿ ಎಂಟು ಜನ ಕೀನ್ಯಾದವರು. ನಡುವೆ ಐದನೆಯ ಜಾಗದಲ್ಲಿ ಇಥಿಯೋಪಿಯಾದ ಅಬೆಬೆ ಮೆಕೋನೆನ್ ಒಬ್ಬರೇ. ಕೀನ್ಯಾದ ಮೊತ್ತ 1, 2, 3, 4, 6, 7 ಕೂಡಿ 23. ಆರು ಜನರ ಲೆಕ್ಕದಲ್ಲಿ ಸಾಧ್ಯವಿರುವ ಅತಿ ಕಡಿಮೆ ಮೊತ್ತ 21. ಆ ಎರಡು ಅಂಕ ಹೆಚ್ಚಾದದ್ದು ಮೆಕೋನೆನ್ ಒಬ್ಬರಿಂದ. ಆ ದಿನ ಅವರು ಎಂಥ ಓಟ ಓಡಿರಬೇಕು ಯೋಚಿಸಿ!

ಧಾರವಾಡ_ಪೇಡೆ

ಅಲ್ರೀ ಅಣ್ಣಾರ, ನನಗೊಂದು ತಿಳೀವಲ್ದು. ಟೈಮಿಂಗ್‌ಗೆ ಬೆಲೆ ಇಲ್ಲದ ಓಟ ದೊಡ್ಡ ಓಟ ಹೆಂಗಾಗ್ತದ? ಟ್ರ್ಯಾಕ್ ಮ್ಯಾಲೆ ಓಡಿದ್ರ ಹತ್ತು ವರ್ಷದ ಹಿಂದಿನವನ ಜೋಡಿ ಇವತ್ತಿನವನ್ನ ಹೋಲಿಸಿ ನೋಡಬಹುದು. ಇಲ್ಲಿ ಒಂದೂರಾಗ ಕೆಸರು, ಇನ್ನೊಂದೂರಾಗ ಹಿಮ, ಮತ್ತೊಂದೂರಾಗ ಗಾಲ್ಫ್ ಮೈದಾನ. ವಿಶ್ವದಾಖಲೆ ಅನ್ನೋದೇ ಇಲ್ಲ. ಹಿಂಗಿದ್ರ ಯಾರು ದೊಡ್ಡವರು ಅಂತ ಹೆಂಗ ತೀರ್ಮಾನ ಮಾಡ್ತೀರಿ? ಜಗಳಕ್ಕಲ್ಲ, ಖರೇನ ಕೇಳಾಕತ್ತೀನಿ.

ಕೆರೆಏರಿ_ಓಟಗಾರ

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ ಮತ್ತು ಕೀನ್ಯಾದ ಪಾಲ್ ಟೆರ್ಗಾಟ್. 1996ರ ಅಟ್ಲಾಂಟಾ, 2000ದ ಸಿಡ್ನಿ, ಎರಡೂ ಒಲಿಂಪಿಕ್ಸ್‌ನ 10,000 ಮೀಟರ್‌ನಲ್ಲಿ ಹೈಲೆಗೆ ಚಿನ್ನ, ಟೆರ್ಗಾಟ್‌ಗೆ ಬೆಳ್ಳಿ. ಸಿಡ್ನಿಯಲ್ಲಿ ಇಬ್ಬರ ನಡುವಿನ ಅಂತರ 0.09 ಸೆಕೆಂಡ್. ಟ್ರ್ಯಾಕ್ ಒಂದನ್ನೇ ನೋಡಿದರೆ ಟೆರ್ಗಾಟ್ ಯಾವಾಗಲೂ ಹೈಲೆಯ ಹಿಂದಿನವರು.

ಅದೇ ಕಾಲದ ಕ್ರಾಸ್ ಕಂಟ್ರಿ ನೋಡಿ. 1995ರಿಂದ 1999ರವರೆಗೆ ಟೆರ್ಗಾಟ್ ಐದು ವರ್ಷ ಬಿಡದೆ ವಿಶ್ವ ಚಾಂಪಿಯನ್. ಹೈಲೆ ಒಮ್ಮೆಯೂ ಗೆಲ್ಲಲಿಲ್ಲ. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಬಂದ ಮೂರನೇ ಸ್ಥಾನವೇ ಹಿರಿಯರ ವಿಭಾಗದಲ್ಲಿ ಅವರ ಅತ್ಯುತ್ತಮ ಸಾಧನೆ. ಹೈಲೆ ಕಡಿಮೆಯವರೆಂದು ಹೇಳುತ್ತಿಲ್ಲ, ನನ್ನ ಪಾಲಿಗೆ ಅವರು ದೇವರಂಥವರು. ಟ್ರ್ಯಾಕ್ ಕೇಳುವುದೇ ಬೇರೆ, ಹೊಲ ಕೇಳುವುದೇ ಬೇರೆ. ಟ್ರ್ಯಾಕ್‌ನಲ್ಲಿ ಕೊನೆಯ ಸುತ್ತಿನವರೆಗೆ ಗುಂಪಿನಲ್ಲಿ ಅಡಗಿ ಕುಳಿತು ಆಮೇಲೆ ಸಿಡಿಯಬಹುದು. ಇಲ್ಲಿ ಪ್ರತಿ ಏರಿನಲ್ಲಿ, ಪ್ರತಿ ತಿರುವಿನಲ್ಲಿ ಕಾಲಿನ ಲಯ ಮುರಿಯುತ್ತದೆ, ಮತ್ತೆ ಕಟ್ಟಬೇಕು, ಮತ್ತೆ ಮುರಿಯುತ್ತದೆ. ಅದನ್ನು ತಡೆದುಕೊಳ್ಳುವ ತಾಕತ್ತನ್ನು ಯಾವ ಗಡಿಯಾರವೂ ಅಳೆಯುವುದಿಲ್ಲ. ದಾಖಲೆ ಇಲ್ಲದಿರುವುದರಿಂದಲೇ ಇಲ್ಲಿ ಎಲ್ಲರೂ ಗೆಲ್ಲಲು ಓಡುತ್ತಾರೆ. ಮುಂದೆ ಓಡಿ ವೇಗ ಹಿಡಿದುಕೊಡುವ ಪೇಸ್‌ಮೇಕರ್ ಇಟ್ಟುಕೊಂಡು ಸಮಯ ಬೆನ್ನಟ್ಟುವ ಓಟ ಇದಲ್ಲ.

ಧಾರವಾಡ_ಪೇಡೆ

ಟೆರ್ಗಾಟ್ ಕಥಿ ಗೊತ್ತಿರಲಿಲ್ರೀ. ಒಪ್ಪಿದೆ. ಆದ್ರ ಇನ್ನೊಂದು ಮಾತು ಹೇಳ್ತೀನಿ, ನೋಡೋರಿಗೆ ಇದು ಸಪ್ಪಗ ಆಗೇದ. ಕೀನ್ಯಾ, ಇಥಿಯೋಪಿಯಾ, ಕೀನ್ಯಾ, ಇಥಿಯೋಪಿಯಾ. ಪುರುಷರ ತಂಡದಾಗ ಕೀನ್ಯಾ 1986ರಿಂದ 2003ರ ತನಕ ಹದಿನೆಂಟು ಸಲ ಸಾಲಾಗಿ ಗೆದ್ದೈತಿ. ಮೊದಲೇ ಗೊತ್ತಿದ್ದ ಫಲಿತಾಂಶ ಯಾರು ನೋಡ್ತಾರ್ರಿ?

ಹೊಲದಂಚು

ಈ ಮಾತನ್ನು ಯುರೋಪಿನವರು ಬಹಳ ಹಿಂದೆಯೇ ಹೇಳಿದರು. ಹೇಳಿ, ನಿಧಾನವಾಗಿ ತಮ್ಮ ದೊಡ್ಡ ಓಟಗಾರರನ್ನು ಕಳಿಸುವುದನ್ನೇ ಕಡಿಮೆ ಮಾಡಿದರು. 1994ರಿಂದ ಅವರದ್ದೇ ಯುರೋಪಿಯನ್ ಕ್ರಾಸ್ ಕಂಟ್ರಿ ಕೂಟ ನಡೆಯುತ್ತಿದೆ, ಪ್ರತಿ ಡಿಸೆಂಬರ್‌ನಲ್ಲಿ, ಜೋರಾಗಿಯೇ. ವಿಶ್ವಕೂಟ ಮಾತ್ರ ವರ್ಷಕ್ಕೊಮ್ಮೆ ಇದ್ದದ್ದು 2011ರ ನಂತರ ಎರಡು ವರ್ಷಕ್ಕೊಮ್ಮೆ ಆಯಿತು. ನನಗೆ ಇದು ತುಂಬಾ ನೋವಿನ ವಿಷಯ. ಸೋಲುತ್ತೇವೆಂದು ಬಾರದಿರುವುದು ಕ್ರೀಡೆಗೆ ಒಪ್ಪುವ ನಡೆಯಲ್ಲ.

ಎಲ್ಲರನ್ನೂ ಒಟ್ಟಾಗಿ ‘ಆಫ್ರಿಕಾದವರು’ ಎಂದುಬಿಡುವುದರಲ್ಲೂ ಅನ್ಯಾಯವಿದೆ. 1990, 1991ರಲ್ಲಿ ಗೆದ್ದ ಖಾಲಿದ್ ಸ್ಕಾ ಮೊರಾಕೊದವರು. 2007ರಲ್ಲಿ ಕೀನ್ಯಾದ ಮೊಂಬಾಸಾದಲ್ಲೇ ಕೂಟ ನಡೆದಾಗ ಗೆದ್ದವರು ಎರಿಟ್ರಿಯಾದ ಜೆರ್ಸೆನೆ ಟಡೆಸೆ. ಕರಾವಳಿಯ ಸೆಕೆ, ಮೈಗೆ ಅಂಟುವ ಗಾಳಿ. ಅದುವರೆಗೆ ಐದು ವರ್ಷ ಸೋಲೇ ಕಾಣದ ಇಥಿಯೋಪಿಯಾದ ಕೆನೆನಿಸಾ ಬೆಕೆಲೆ ಕೊನೆಯ ಸುತ್ತಿನಲ್ಲಿ ಓಟ ಬಿಟ್ಟು ಪಕ್ಕಕ್ಕೆ ಸರಿದರು. ಆಮೇಲೆ ಯುಗಾಂಡಾ ಬಂತು. ಇವು ಬೇರೆ ಬೇರೆ ದೇಶಗಳು, ಒಂದರ ಮೇಲೊಂದಕ್ಕೆ ಹಟ ಇರುವ ದೇಶಗಳು. ನಮ್ಮ ಕಣ್ಣಿಗೆ ಒಂದೇ ಥರ ಕಂಡರೆ ಅದು ನಾವು ಸರಿಯಾಗಿ ನೋಡದ್ದರಿಂದ.

ನಮ್ಮ_ಇಂದಿರಾನಗರ

ಟಡೆಸೆ ಹೆಸರು ಬಂದದ್ದು ಒಳ್ಳೆಯದಾಯಿತು. 2008ರಲ್ಲಿ ಬೆಂಗಳೂರಿನಲ್ಲಿ ವರ್ಲ್ಡ್ 10ಕೆ (10 ಕಿ.ಮೀ. ರಸ್ತೆ ಓಟ) ಮೊದಲ ಸಲ ನಡೆದಾಗ ಪುರುಷರಲ್ಲಿ ಗೆದ್ದವರು ಇದೇ ಟಡೆಸೆ. ಕ್ರಾಸ್ ಕಂಟ್ರಿ ವಿಶ್ವ ಚಾಂಪಿಯನ್‌ಗಳನ್ನು ನಮ್ಮೂರ ರಸ್ತೆಯಲ್ಲಿ ಪುಕ್ಕಟೆ ನೋಡಿದ ಭಾಗ್ಯ ನಮ್ಮದು. 2017ರ ವಿಶ್ವ ಚಾಂಪಿಯನ್ ಐರಿನ್ ಚೆಪ್ಟಾಯ್ 2022ರಲ್ಲಿ ಇಲ್ಲಿ 30 ನಿಮಿಷ 35 ಸೆಕೆಂಡಿನಲ್ಲಿ ಓಡಿ ಕೂಟದ ದಾಖಲೆ ಮಾಡಿದರು.

ಇನ್ನೊಬ್ಬರನ್ನು ನೆನೆಯದೆ ಇರಲಾರೆ. ಕೀನ್ಯಾದ ಆಗ್ನೆಸ್ ಟಿರೊಪ್. 2015ರಲ್ಲಿ ಚೀನಾದ ಗುಯಿಯಾಂಗ್‌ನಲ್ಲಿ ಹತ್ತೊಂಬತ್ತನೇ ವಯಸ್ಸಿಗೇ ಹಿರಿಯರ ವಿಭಾಗದ ವಿಶ್ವ ಚಾಂಪಿಯನ್ ಆದವರು. 2018ರಲ್ಲಿ ಬೆಂಗಳೂರಿನ 10ಕೆ ಗೆದ್ದರು. 2021ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯಲ್ಲಿ ಮಹಿಳೆಯರಷ್ಟೇ ಓಡುವ 10 ಕಿ.ಮೀ. ರಸ್ತೆ ಓಟದ ವಿಶ್ವದಾಖಲೆ ಬರೆದರು, 30 ನಿಮಿಷ 1 ಸೆಕೆಂಡ್. ಮರುತಿಂಗಳು ಕೀನ್ಯಾದ ಇಟೆನ್‌ನ ತಮ್ಮ ಮನೆಯಲ್ಲೇ ಕೊಲೆಯಾದರು. ಇಪ್ಪತ್ತೈದು ವರ್ಷ. ಆಕೆಯ ಹೆಸರಿನಲ್ಲಿ ‘ಟಿರೊಪ್ಸ್ ಏಂಜೆಲ್ಸ್’ ಎಂಬ ಸಂಸ್ಥೆ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿರುದ್ಧ ಕೆಲಸ ಮಾಡುತ್ತಿದೆ. ನಮ್ಮ ರಸ್ತೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನರಿಗೆ ಇದು ತಿಳಿದಿದೆಯೋ.

ಬೆಳಗಿನನಡಿಗೆ

ಓದಿ ಮನಸ್ಸು ಭಾರವಾಯಿತು. ಹೆಣ್ಣುಮಕ್ಕಳ ಓಟದ ಬಗ್ಗೆ ಇನ್ನಷ್ಟು ಹೇಳುತ್ತೀರಾ?

ಹೊಲದಂಚು

ಹೇಳಲು ಬಹಳವಿದೆ. ಈ ಕೂಟದ ಪೂರ್ವಜ 1903ರಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಪಾರ್ಕ್ ಕುದುರೆ ರೇಸ್ ಮೈದಾನದಲ್ಲಿ ಶುರುವಾಯಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ನಾಲ್ಕೇ ತಂಡ, ಬರೀ ಗಂಡಸರು. ಗೆದ್ದವರು ಆಲ್ಫ್ರೆಡ್ ಶ್ರಬ್. ಈ ಕೂಟದಲ್ಲಿ ಮಹಿಳೆಯರಿಗೆ ಓಟ ಸಿಕ್ಕಿದ್ದು 1967ರಲ್ಲಿ, ವೇಲ್ಸ್‌ನ ಬ್ಯಾರಿಯಲ್ಲಿ. ಅಲ್ಲಿಂದ ಐದು ವರ್ಷ ಸತತವಾಗಿ ಅಮೆರಿಕದ ಡೋರಿಸ್ ಬ್ರೌನ್ ಗೆದ್ದರು. 1973ರಲ್ಲಿ ಬೆಲ್ಜಿಯಂನ ವಾರೆಗೆಮ್‌ನಲ್ಲಿ ಅದು ವಿಶ್ವಕೂಟವಾಯಿತು. ನಾರ್ವೆಯ ಗ್ರೇಟಾ ವೈಟ್ಸ್ ಐದು ಸಲ ಚಾಂಪಿಯನ್. 2015ರವರೆಗೂ ಗಂಡಸರಿಗೆ 12 ಕಿ.ಮೀ., ಹೆಂಗಸರಿಗೆ 8. ಇಬ್ಬರಿಗೂ 10 ಕಿ.ಮೀ. ಆದದ್ದು 2017ರ ಯುಗಾಂಡಾದ ಕಂಪಾಲಾ ಕೂಟದಲ್ಲಿ. ದೂರ ಹೆಚ್ಚಾದ ಮೊದಲ ವರ್ಷವೇ ಕೀನ್ಯಾದ ಮಹಿಳೆಯರು ಮೊದಲ ಆರೂ ಸ್ಥಾನ ಹಿಡಿದರು. ತಂಡದ ಮೊತ್ತ 1, 2, 3, 4, ಒಟ್ಟು 10. ಇದಕ್ಕಿಂತ ಕಡಿಮೆ ಮಾಡಲು ಸಾಧ್ಯವೇ ಇಲ್ಲ. ಅಂದು ಆರನೆಯವರಾಗಿ ಬಂದವರು ಫೇತ್ ಕಿಪ್ಯೆಗಾನ್. 1500 ಮೀಟರ್‌ನಲ್ಲಿ ಒಲಿಂಪಿಕ್ ಚಿನ್ನ ಆಗಲೇ ಕೊರಳಲ್ಲಿದ್ದವರು!

ಇಥಿಯೋಪಿಯಾದ ಡೆರಾರ್ಟು ತುಲು ಕಥೆ ಕೇಳಿದ್ದೀರಾ? 1995ರಲ್ಲಿ ಇಂಗ್ಲೆಂಡಿನ ಡರಮ್‌ಗೆ ಹೊರಟವರು ಅಥೆನ್ಸ್ ವಿಮಾನ ನಿಲ್ದಾಣದಲ್ಲಿ ಇಡೀ ದಿನ ಸಿಕ್ಕಿಬಿದ್ದರು. ಸರಿಯಾದ ನಿದ್ದೆಯಿಲ್ಲ. ಓಟಕ್ಕೆ ಸುಮಾರು ಒಂದು ಗಂಟೆ ಇರುವಾಗ ಮೈದಾನ ಸೇರಿದರು. ಓಡಿದರು, ಗೆದ್ದರು. ಆಮೇಲೆ 1997, 2000ದಲ್ಲೂ ಗೆದ್ದರು.

ಉಜಿರೆಯಿಂದ

ಅದು ಹೌದು ಮಾರಾಯ್ರೆ. ನಾವು ಬಸ್ಸು ತಡವಾದರೆ ಕಾಲು ಹಿಡಿದುಕೊಂಡಿದೆ ಅಂತ ಅರ್ಧ ಗಂಟೆ ಸ್ಟ್ರೆಚಿಂಗ್ ಮಾಡುತ್ತೇವೆ.

ದೈಹಿಕ_ಮೇಷ್ಟ್ರು

ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಬಹುಕಾಲ ಗುಡ್ಡಗಾಡು ಓಟದ ತಂಡ ಕಟ್ಟಿದವನು ನಾನು. ಚರ್ಚೆಯ ಶೀರ್ಷಿಕೆ ನೋಡಿ ಬರೆಯದೆ ಇರಲಾಗಲಿಲ್ಲ.

ಅಂತರ ಕಾಲೇಜು ಓಟದಲ್ಲೂ ತಂಡದ ಪ್ರಶಸ್ತಿ ಹೀಗೆಯೇ ಸ್ಥಾನ ಕೂಡಿ ಕೊಡುವುದು. ಒಬ್ಬ ಚಿನ್ನದಂಥ ಹುಡುಗ ಸಿಕ್ಕನೆಂದು ಬೀಗುವ ಕಾಲೇಜುಗಳು ತಂಡದ ಪಟ್ಟಿಯಲ್ಲಿ ಕೆಳಗೆ ಇರುವುದನ್ನು ನೋಡುತ್ತಲೇ ಇದ್ದೇನೆ. ನಾನು ತರಬೇತಿಯಲ್ಲಿ ಮೊದಲಿಗನ ಸಮಯ ಬರೆದುಕೊಳ್ಳುವುದಿಲ್ಲ. ಮೊದಲಿಗ ಮತ್ತು ನಾಲ್ಕನೆಯವನ ನಡುವಿನ ಅಂತರ ಬರೆದುಕೊಳ್ಳುತ್ತೇನೆ. ಆ ಅಂತರ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ತಂಡ ಸಿದ್ಧವಾಗುತ್ತಿದೆ ಎಂದರ್ಥ. ಇಳಿಸುವ ದಾರಿಯೂ ಕಷ್ಟದ್ದಲ್ಲ. ವಾರದಲ್ಲಿ ಒಂದು ದಿನ ಎಲ್ಲರೂ ಗುಂಪು ಬಿಡದೆ ಓಡಬೇಕು, ಮುಂದಿನವನು ಹಿಂದಿನವನ ಉಸಿರು ಕೇಳುವಷ್ಟು ಹತ್ತಿರ ಇರಬೇಕು. ಏರಿನಲ್ಲಿ ಯಾರೂ ಮುಂದೆ ಹೋಗುವಂತಿಲ್ಲ, ಏರು ಮುಗಿದ ಮೇಲಿನ ಇಪ್ಪತ್ತು ಹೆಜ್ಜೆ ಎಲ್ಲರೂ ಜೋರಾಗಿ ಹಾಕಬೇಕು. ಬಹಳಷ್ಟು ಹುಡುಗರು ದಿಬ್ಬದ ತುದಿ ಮುಟ್ಟಿದ ಕೂಡಲೇ ಉಸಿರು ಬಿಟ್ಟು ಸಡಿಲವಾಗುತ್ತಾರೆ. ಅಲ್ಲೇ ಹತ್ತು ಜನರನ್ನು ದಾಟಬಹುದು.

ಇನ್ನು ಶೂ. ವಿಶ್ವಕೂಟದಲ್ಲಿ ಅವರು ನೆಲ ನೋಡಿ ಶೂ ಅಡಿಯ ಮೊಳೆ (ಸ್ಪೈಕ್) ಬದಲಿಸುತ್ತಾರೆ. ಒಣ ಹುಲ್ಲಿಗೆ ಗಿಡ್ಡ ಮೊಳೆ, ಕೆಸರಿಗೆ 12 ಮಿ.ಮೀ., 15 ಮಿ.ಮೀ. ಉದ್ದದವು. ಹಿಂದಿನ ದಿನವೇ ಮಾರ್ಗವನ್ನು ನಡೆದು ನೋಡಿ, ತಿರುವಿನಲ್ಲಿ ಹುಲ್ಲು ಎಷ್ಟು ಸವೆದಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಮಾಡಿಕೊಳ್ಳುತ್ತಾರೆ. ಲೇಸು ಬಿಚ್ಚದಂತೆ ಮೇಲೆ ಟೇಪು ಸುತ್ತುವವರೂ ಇದ್ದಾರೆ. ಶುರುವಿನಲ್ಲಿ ನೂರಕ್ಕೂ ಹೆಚ್ಚು ಜನ ಒಟ್ಟಿಗೆ ನುಗ್ಗುವಾಗ ಹಿಂದಿನವನು ಹಿಮ್ಮಡಿ ತುಳಿದರೆ ಶೂ ಕಳಚಿಕೊಳ್ಳುತ್ತದೆ. 2008ರಲ್ಲಿ ಎಡಿನ್‌ಬರೋದಲ್ಲಿ ಬೆಕೆಲೆಗೇ ಹೀಗಾಯಿತು. ನಿಂತು, ಬಗ್ಗಿ, ಶೂ ಮತ್ತೆ ಹಾಕಿಕೊಂಡು, ಗುಂಪು ಮುಂದೆ ಹೋದದ್ದನ್ನು ಕಂಡೂ ಗಾಬರಿಯಾಗದೆ ಒಬ್ಬೊಬ್ಬರನ್ನೇ ಹಿಡಿದು ಗೆದ್ದರು. ನನ್ನ ವಿದ್ಯಾರ್ಥಿಗಳಿಗೆ ಆ ವಿಡಿಯೋ ತೋರಿಸುತ್ತೇನೆ. ಗೆಲುವು ನೋಡಲು ಅಲ್ಲ, ಶೂ ಹಾಕಿಕೊಂಡ ಮೇಲಿನ ಮೊದಲ ಒಂದು ಕಿಲೋಮೀಟರ್ ನೋಡಲು. ಒಮ್ಮೆಗೇ ಓಡಿ ಹಿಡಿಯಲು ಹೋಗಲಿಲ್ಲ ಅವರು.

ಕೆರೆಏರಿ_ಓಟಗಾರ

ಬೆಕೆಲೆಯ ವಿಷಯಕ್ಕೆ ಒಂದು ಸೇರಿಸುತ್ತೇನೆ ಗುರುಗಳೇ. 1998ರಿಂದ 2006ರವರೆಗೆ 4 ಕಿ.ಮೀ.ನ ಚಿಕ್ಕ ಓಟವೂ ಇತ್ತು. 2002ರಿಂದ 2006ರವರೆಗೆ ಪ್ರತಿ ವರ್ಷ ಚಿಕ್ಕದು, ದೊಡ್ಡದು ಎರಡನ್ನೂ ಬೆಕೆಲೆಯೇ ಗೆದ್ದರು. 2008ರದ್ದು ಸೇರಿ ಹಿರಿಯರ ವಿಭಾಗದಲ್ಲಿ ಹನ್ನೊಂದು ವೈಯಕ್ತಿಕ ಚಿನ್ನ. ಇದರಲ್ಲಿ 2005ರದ್ದು ನನಗೆ ಎಲ್ಲಕ್ಕಿಂತ ದೊಡ್ಡದು. ಆ ಜನವರಿಯಲ್ಲಿ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದಾಗಲೇ ಅವರ ಭಾವಿ ಪತ್ನಿ ಅಲೆಮ್ ತೆಚಾಲೆ ಕುಸಿದು ತೀರಿಕೊಂಡರು. ಆಕೆಯೂ ಓಟಗಾರ್ತಿ. ಮಾರ್ಚ್‌ನಲ್ಲಿ ಫ್ರಾನ್ಸಿಗೆ ಹೋಗಿ ಎರಡೂ ಓಟ ಓಡಿ ಗೆದ್ದರು. ಹೇಗೆ ಸಾಧ್ಯವಾಯಿತೋ.

ತೀರ್ಥಹಳ್ಳಿ_ಕೊಟ್ಟಿಗೆ

ನಾವು ಹೈನುಗಾರರು. 2001ರ ಕೂಟ ಡಬ್ಲಿನ್‌ನಲ್ಲಿ ನಡೆಯಬೇಕಿದ್ದು ಕಾಲುಬಾಯಿ ಜ್ವರದ ಕಾರಣ ಬೆಲ್ಜಿಯಂನ ಓಸ್ಟೆಂಡ್‌ಗೆ ಹೋಯಿತು ಎಂದು ಎಲ್ಲೋ ಕೇಳಿದ್ದೆ. ನಿಜವೇ?

ಹೊಲದಂಚು

ನಿಜ. ಆ ವರ್ಷ ಬ್ರಿಟನ್ನಿನಲ್ಲಿ ರೋಗ ಹರಡಿತ್ತು, ಐರ್ಲೆಂಡ್ ತುಂಬಾ ಬಿಗಿ ಮಾಡಿತು. ನಿಮಗೆ ಹೇಳಬೇಕಾಗಿಲ್ಲ, ಆ ರೋಗ ಮಣ್ಣಿನ ಜೊತೆ, ಬೂಟಿನ ಜೊತೆ ಊರಿಂದ ಊರಿಗೆ ಹೋಗುತ್ತದೆ. ಬೇರೆ ಬೇರೆ ದೇಶದ ಹೊಲದಲ್ಲಿ ಓಡಿದ ಮೊಳೆ ಶೂಗಳು ಒಂದೇ ಮೈದಾನಕ್ಕೆ ಬರುವ ಕೂಟ ಇದು. ಡಬ್ಲಿನ್‌ಗೆ ಮರುವರ್ಷ ಅವಕಾಶ ಸಿಕ್ಕಿತು. ಓಸ್ಟೆಂಡ್ ಮತ್ತು ಡಬ್ಲಿನ್ ಎರಡರಲ್ಲೂ ಮಹಿಳೆಯರ ದೊಡ್ಡ ಓಟ ಗೆದ್ದವರು ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್.

ಡೆನ್ಮಾರ್ಕ್_ಕನ್ನಡತಿ

2019ರಲ್ಲಿ ಆರ್ಹುಸ್‌ನಲ್ಲಿ ಇದ್ದೆ, ಕೂಟವನ್ನು ನಿಂತು ನೋಡಿದೆ. ಮೊಸ್ಗಾರ್ಡ್ ಮ್ಯೂಸಿಯಂ ಅಂತ ಇದೆ. ಅದರ ಛಾವಣಿ ನೆಲದಿಂದಲೇ ಶುರುವಾಗಿ ಇಳಿಜಾರಾಗಿ ಏರುತ್ತದೆ, ಮೇಲೆಲ್ಲ ಹುಲ್ಲು. ಓಟಗಾರರನ್ನು ಆ ಛಾವಣಿಯ ಮೇಲೆ ಹತ್ತಿಸಿದರು! ಒಮ್ಮೆಯಲ್ಲ, ಪ್ರತಿ ಸುತ್ತಿನಲ್ಲೂ.

ಟಿವಿಯಲ್ಲಿ ಆ ಏರು ಗೊತ್ತಾಗುವುದೇ ಇಲ್ಲ. ಪಕ್ಕದಲ್ಲಿ ನಿಂತರೆ ಗೊತ್ತಾಗುತ್ತದೆ. ಕೆಳಗೆ ಬರುವಾಗ ಕೈ ಸಡಿಲವಾಗಿ ಬೀಸುತ್ತಿದ್ದವರು ನಡು ಛಾವಣಿಗೆ ಬರುವಷ್ಟರಲ್ಲಿ ಮುಷ್ಟಿ ಬಿಗಿದು ಹೆಜ್ಜೆ ಅರ್ಧಕ್ಕೆ ಇಳಿಸಿರುತ್ತಿದ್ದರು. ಮುಂದೆ ಕೆಸರು, ನೀರು, ಮರಳು ಎಲ್ಲ ಇತ್ತು. ನಮ್ಮಂಥ ಸಾಮಾನ್ಯರಿಗೂ ಅದೇ ಮಾರ್ಗದಲ್ಲಿ ಓಡುವ ಅವಕಾಶ ಕೊಟ್ಟಿದ್ದರು. ನಾನು ಓಡಿದೆ. ಆ ಛಾವಣಿ ಹತ್ತಿದ ಮೇಲೆ ಚೆಪ್ಟೆಗೈ ಮೇಲಿನ ನನ್ನ ಗೌರವ ಎಷ್ಟು ಹೆಚ್ಚಿತು ಎಂದು ಹೇಳಲಾರೆ. ಅಂದು ಜನ ಹಿಂದೆ ಬಂದವರಿಗೂ ಕೊನೆಯವರೆಗೆ ಗಂಟಲು ಹರಿಯುವಂತೆ ಕೂಗಿದರು. ಹೊಲದಂಚು ಅವರು ಹೇಳಿದ ಅಯೆಕೊಗಳನ್ನು ನಾನು ಕಂಡಿರಲೇಬೇಕು, ಆದರೆ ಇಂದಿನವರೆಗೂ ಹೆಸರು ಗೊತ್ತಿರಲಿಲ್ಲ.

ಉಜಿರೆಯಿಂದ

ಚೆಪ್ಟೆಗೈ 2017ರಲ್ಲಿ ಕಂಪಾಲಾದಲ್ಲಿ ಏನು ಅನುಭವಿಸಿದರು ಎಂದು ನೋಡಿದವರಿಗೆ 2019 ಇನ್ನೂ ಹೆಚ್ಚು ಅರ್ಥವಾಗುತ್ತದೆ. ಯೂಟ್ಯೂಬ್‌ನಲ್ಲಿ ಇದೆ, ನೋಡಿ. ಸ್ವಂತ ದೇಶ, ಕೊಲೊಲೊ ಮೈದಾನ, ಸುತ್ತ ಜನಸಾಗರ. ಅದೇ ದಿನ ಹದಿನಾರರ ಹುಡುಗ ಕಿಪ್ಲಿಮೊ 20 ವರ್ಷದೊಳಗಿನವರ ಚಿನ್ನ ಗೆದ್ದಿದ್ದ. ಹಿರಿಯರ ಓಟದಲ್ಲಿ ಚೆಪ್ಟೆಗೈ ದೊಡ್ಡ ಅಂತರದಲ್ಲಿ ಮುಂದಿದ್ದರು, ಕೊನೆಯ ಸುತ್ತು ಮಾತ್ರ ಬಾಕಿ. ಗೆದ್ದೇಬಿಟ್ಟರು ಎನ್ನುವಾಗ ಕಾಲು ಮಾತು ಕೇಳಲಿಲ್ಲ. ಓಟ ನಡಿಗೆಯಾಯಿತು, ನಡಿಗೆ ತೂರಾಟವಾಯಿತು. ಕಾಮ್ವೊರೊರ್ ದಾಟಿ ಹೋದರು. ಆಮೇಲೆ ಒಬ್ಬರ ಹಿಂದೆ ಒಬ್ಬರು ದಾಟುತ್ತಲೇ ಇದ್ದರು.

ಚೆಪ್ಟೆಗೈ ನಿಲ್ಲಲಿಲ್ಲ ಮಾರಾಯ್ರೆ. ಮೂವತ್ತನೆಯವರಾಗಿ ಗೆರೆ ದಾಟಿದರು. ಪಕ್ಕಕ್ಕೆ ಸರಿದು ಕೂತಿದ್ದರೆ ಯಾರೂ ಒಂದು ಮಾತು ಆಡುತ್ತಿರಲಿಲ್ಲ.

ಹೊಲದಂಚು

ಆ ಮೂವತ್ತನೇ ಸ್ಥಾನದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ತಂಡದ ಓಟದಲ್ಲಿ ನಿಂತುಬಿಟ್ಟರೆ ಒಂದು ಸ್ಥಾನವೇ ಇಲ್ಲವಾಗುತ್ತದೆ. ತೂರಾಡಿಯಾದರೂ ಬಂದರೆ ಒಂದು ಸಂಖ್ಯೆ ಸಿಗುತ್ತದೆ.

ಇದಕ್ಕೆ ಹಳೆಯ ಉದಾಹರಣೆ 1924ರ ಪ್ಯಾರಿಸ್ ಒಲಿಂಪಿಕ್ಸ್. 1912, 1920, 1924 ಈ ಮೂರು ಒಲಿಂಪಿಕ್ಸ್‌ಗಳಲ್ಲಿ ಕ್ರಾಸ್ ಕಂಟ್ರಿ ಇತ್ತು. ಪ್ಯಾರಿಸ್‌ನಲ್ಲಿ ಜುಲೈ ತಿಂಗಳ ಭಯಂಕರ ಬಿಸಿಲು. 38 ಜನ ಹೊರಟರು, 15 ಜನ ಮುಗಿಸಿದರು. ಉಳಿದವರು ದಾರಿಯಲ್ಲೇ ಬಿದ್ದರು, ಬವಳಿದರು. ಫಿನ್ಲೆಂಡಿನ ಪಾವೊ ನುರ್ಮಿ ಮೊದಲು, ವಿಲ್ಲೆ ರಿಟೊಲಾ ಎರಡನೆಯವರು. ಆಗ ತಂಡಕ್ಕೆ ಮೂವರ ಲೆಕ್ಕ. ಮೂರನೆಯವರು ಹೈಕ್ಕಿ ಲೀಮಟೈನೆನ್. ಬಿಸಿಲಿಗೆ ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ ಕ್ರೀಡಾಂಗಣಕ್ಕೆ ಬಂದರು, ಹೇಗೋ ಹನ್ನೆರಡನೆಯವರಾಗಿ ಗೆರೆ ದಾಟಿದರು. ಫಿನ್ಲೆಂಡಿಗೆ ತಂಡದ ಚಿನ್ನ ಬಂತು. ಪೂರ್ತಿ ತಂಡವಾಗಿ ಮುಗಿಸಿದ್ದು ಮೂರೇ ದೇಶಗಳು. ನುರ್ಮಿಯ ಹೆಸರು ಜಗತ್ತಿಗೆ ಗೊತ್ತು. ಲೀಮಟೈನೆನ್ ಹೆಸರನ್ನು ಇವತ್ತು ಇಲ್ಲಿ ಕನ್ನಡದಲ್ಲಿ ಬರೆದದ್ದು ನನಗೆ ಖುಷಿ. ಆ ದಿನದ ಭಯಕ್ಕೆ ಕ್ರಾಸ್ ಕಂಟ್ರಿಯನ್ನು ಒಲಿಂಪಿಕ್ಸ್‌ನಿಂದಲೇ ಕೈಬಿಟ್ಟರು, ಇನ್ನೂ ಮರಳಿಲ್ಲ.

ನಮ್ಮ_ಇಂದಿರಾನಗರ

ಮರಳಬೇಕು ಅಲ್ಲವೇ? ವಿಶ್ವ ಅಥ್ಲೆಟಿಕ್ಸ್ ಅಧ್ಯಕ್ಷ ಸೆಬಾಸ್ಟಿಯನ್ ಕೋ ಚಳಿಗಾಲದ ಒಲಿಂಪಿಕ್ಸ್‌ಗೆ ಸೇರಿಸಿ ಎಂದು ಕೇಳುತ್ತಲೇ ಇದ್ದಾರೆ. ಆಫ್ರಿಕಾದ ದೇಶಗಳಿಗೂ ಚಳಿಗಾಲದ ಕೂಟದಲ್ಲಿ ನಿಜವಾದ ಜಾಗ ಸಿಗುತ್ತದೆ.

ಕೆರೆಏರಿ_ಓಟಗಾರ

ಚಳಿಗಾಲದ ಆಟವೆಂದರೆ ಹಿಮ ಅಥವಾ ಮಂಜುಗಡ್ಡೆಯ ಮೇಲೆ ಆಡುವಂಥದ್ದು ಎಂದು ಒಲಿಂಪಿಕ್ ಚಾರ್ಟರ್‌ನಲ್ಲೇ ಇದೆ, ತೊಡಕು ಅಲ್ಲಿದೆ. ಹಿಮದಲ್ಲೂ ಓಡಿದ್ದಾರೆ ಎನ್ನುವುದು ಬೇರೆ ಮಾತು. 1992ರ ಬೋಸ್ಟನ್ ಕೂಟದಲ್ಲಿ ಹಿಮದ ಮೇಲೆಯೇ ಪುರುಷರಲ್ಲಿ ಕೀನ್ಯಾದ ಜಾನ್ ಎನ್‌ಗುಗಿ ಐದನೇ ಸಲ, ಮಹಿಳೆಯರಲ್ಲಿ ಅಮೆರಿಕದ ಲಿನ್ ಜೆನ್ನಿಂಗ್ಸ್ ಮೂರನೇ ಸಲ ಗೆದ್ದರು.

ಹೊಲದಂಚು

ಒಲಿಂಪಿಕ್ಸ್‌ಗೆ ಮರಳಲಿ ಎಂದು ನನಗೂ ಆಸೆ. ಆದರೆ ಒಂದು ಷರತ್ತು. 2024ರ ಪ್ಯಾರಿಸ್‌ಗೆಂದು ಮುಂದಿಟ್ಟ ಪ್ರಸ್ತಾಪ ಒಬ್ಬ ಗಂಡಸು, ಒಬ್ಬ ಹೆಂಗಸು ಸೇರಿ ಓಡುವ ಮಿಶ್ರ ರಿಲೇ. ಅದನ್ನೂ 2020ರಲ್ಲಿ ಒಲಿಂಪಿಕ್ ಸಮಿತಿ ಒಪ್ಪಲಿಲ್ಲ. ಒಪ್ಪಿದ್ದರೂ ಏನಾಗುತ್ತಿತ್ತು? ಆರು ಜನರ ತಂಡ ಇರುತ್ತಿರಲಿಲ್ಲ. ಅಥ್ಲೀಟುಗಳ ಸಂಖ್ಯೆ ಕಡಿಮೆ ಮಾಡುವ ಒತ್ತಡದಲ್ಲಿ ಮೊದಲು ಹೋಗುವುದು ನಾಲ್ಕನೆಯವನೇ. ತಂಡವಿಲ್ಲದ ಕ್ರಾಸ್ ಕಂಟ್ರಿ ಒಲಿಂಪಿಕ್ಸ್‌ಗೆ ಬರುವುದಕ್ಕಿಂತ ತಂಡವಿರುವ ಕ್ರಾಸ್ ಕಂಟ್ರಿ ಹೊರಗಿರುವುದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಪ್ಪದವರು ವಾದ ಮಾಡಿ.

ನಮ್ಮ_ಇಂದಿರಾನಗರ

ಒಪ್ಪುವುದಿಲ್ಲ. ಒಲಿಂಪಿಕ್ಸ್‌ನಲ್ಲಿ ಇದ್ದರೆ ಸರ್ಕಾರಗಳು ಹಣ ಕೊಡುತ್ತವೆ, ಶಾಲೆಗಳಲ್ಲಿ ಓಟ ಶುರುವಾಗುತ್ತದೆ. ಮೊದಲು ಬಾಗಿಲು ತೆರೆಯಲಿ, ಆಮೇಲೆ ತಂಡದ ಸಂಖ್ಯೆ ಹೆಚ್ಚಿಸಬಹುದು. 2023ರಲ್ಲಿ ಬಾತರ್ಸ್ಟ್‌ನ ಮಹಿಳೆಯರ ಓಟದಲ್ಲಿ ಇಥಿಯೋಪಿಯಾದ ಲೆಟೆಸೆನ್‌ಬೆಟ್ ಗಿಡೆ ಗೆರೆಗೆ ಕೆಲವೇ ಮೀಟರ್ ಇರುವಾಗ ಕುಸಿದು ಬಿದ್ದರು, ಕೀನ್ಯಾದ ಬಿಯಾಟ್ರಿಸ್ ಚೆಬೆಟ್ ದಾಟಿ ಗೆದ್ದರು. ಗಿಡೆಯನ್ನು ಎತ್ತಲು ಹೊರಗಿನವರು ಕೈ ಕೊಟ್ಟದ್ದರಿಂದ ಅವರು ಅನರ್ಹರಾದರು, ತಂಡದ ಲೆಕ್ಕದಿಂದಲೂ ಅವರ ಸ್ಥಾನ ಹೋಯಿತು. ಇಂಥ ಓಟ ಒಲಿಂಪಿಕ್ಸ್‌ನಲ್ಲಿ ನಡೆದಿದ್ದರೆ ಜಗತ್ತಿನ ಮನೆಮನೆಯಲ್ಲಿ ಮಾತಾಗುತ್ತಿತ್ತು. ಈಗ ನಮ್ಮಂಥ ಹತ್ತು ಜನ ಮಾತಾಡುತ್ತಿದ್ದೇವೆ.

ಧಾರವಾಡ_ಪೇಡೆ

ಹತ್ತು ಮಂದಿ ಈಗ ಹನ್ನೊಂದು ಆದ್ವಿ ಬಿಡ್ರಿ. ರಾತ್ರಿ ಕುಂತು ಕಂಪಾಲಾದ್ದು, ಆರ್ಹುಸ್‌ದ್ದು ಎರಡೂ ನೋಡಿದೆ. ಸಪ್ಪಗಿಲ್ಲ. 1981ರ ಮ್ಯಾಡ್ರಿಡ್‌ದು ಯಾರರ ಹೇಳ್ರಿ, ಸುತ್ತು ಎಣಿಸೋದರಾಗ ತಪ್ಪಿದ್ರಂತ?

ಹೊಲದಂಚು

ಹೌದು. ಇಥಿಯೋಪಿಯಾದವರು ಇನ್ನೊಂದು ಸುತ್ತು ಬಾಕಿ ಇರುವಾಗಲೇ ಮುಗಿಯಿತೆಂದು ಜೋರು ಓಡಿ ನಿಲ್ಲಲು ಹೊರಟರು. ಗೊತ್ತಾಗಿ ಮತ್ತೆ ಹೊರಡುವಷ್ಟರಲ್ಲಿ ಲಯ ತಪ್ಪಿತ್ತು. ವೈಯಕ್ತಿಕ ಚಿನ್ನ ಅಮೆರಿಕದ ಕ್ರೇಗ್ ವರ್ಜಿನ್‌ಗೆ ಹೋಯಿತು. ಮೊಹಮ್ಮದ್ ಕೆದಿರ್ ಎರಡನೆಯವರು. ಇಷ್ಟಾದರೂ ತಂಡದ ಚಿನ್ನ ಇಥಿಯೋಪಿಯಾದ್ದೇ, ಅದೂ ಅವರ ಮೊದಲನೆಯದು. ಮರುವರ್ಷ ರೋಮ್‌ನಲ್ಲಿ ಕೆದಿರ್ ಗೆದ್ದರು.

ಅರಸೀಕೆರೆ_ಅಪ್ಪ

ನನ್ನ ಮಗಳು ಒಂಬತ್ತನೇ ತರಗತಿ. ಶಾಲೆಯಲ್ಲಿ 1500 ಮೀಟರ್ ಓಡುತ್ತಾಳೆ, ಈಗ ಗುಡ್ಡಗಾಡು ಓಟಕ್ಕೆ ಸೇರಬೇಕು ಎನ್ನುತ್ತಿದ್ದಾಳೆ. ಮೇಷ್ಟ್ರೇ, ಏನು ಮಾಡಿಸಬೇಕು, ಏನು ಬೇಡ? ಮೊಳೆ ಶೂ ಕೊಡಿಸಬೇಕಾ?

ದೈಹಿಕ_ಮೇಷ್ಟ್ರು

ಮೊಳೆ ಶೂ ಈಗಲೇ ಬೇಡ. ಅಡಿಭಾಗದಲ್ಲಿ ಹಿಡಿತ ಇರುವ ಸಾಮಾನ್ಯ ಓಟದ ಶೂ ಸಾಕು. ಸಂಜೆ ಹೊತ್ತು ಕೊಂಡುಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಡಾಂಬರು ರಸ್ತೆ ಬಿಡಿಸಿ. ಕೆರೆ ಏರಿ, ತೆಂಗಿನ ತೋಟದ ದಾರಿ, ರಾಗಿ ಕುಯ್ದ ಹೊಲ, ನಿಮ್ಮ ಕಡೆ ಇವೆಲ್ಲ ಧಾರಾಳವಾಗಿ ಇವೆ. ಹೊಲದಲ್ಲಿ ಕೂಳೆ ನೋಡಿಕೊಂಡು ಓಡಲು ಹೇಳಿ, ಕಣ್ಣು ಐದಾರು ಹೆಜ್ಜೆ ಮುಂದಿರಬೇಕು. ಇಳಿಜಾರಿನಲ್ಲಿ ಹಿಂದಕ್ಕೆ ವಾಲಬಾರದು, ಹೆಜ್ಜೆ ಚಿಕ್ಕದು ಮಾಡಿ ಬೇಗ ಬೇಗ ಇಡಬೇಕು. ವಾರಕ್ಕೆ ಒಂದು ದಿನ ದಿಬ್ಬ, ಒಂದು ದಿನ ಪೂರ್ತಿ ವಿಶ್ರಾಂತಿ.

ವಿಶ್ವಕೂಟದಲ್ಲೇ 20 ವರ್ಷದೊಳಗಿನ ಹುಡುಗಿಯರಿಗೆ 6 ಕಿ.ಮೀ. ಮಾತ್ರ, ಆದ್ದರಿಂದ ಈ ವಯಸ್ಸಿಗೆ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸುವ ಆತುರ ಬೇಡ. ಇನ್ನೊಂದು ಮುಖ್ಯ ವಿಷಯ, ಬೆಳೆಯುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಹೆಚ್ಚು. ಸುಸ್ತು ಎಂದರೆ ಸೋಮಾರಿತನ ಎಂದು ಗದರಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ, ಆ ಸಂಖ್ಯೆಯನ್ನು ಇಲ್ಲಿ ಹಾಕದೆ ನನಗೆ ಖಾಸಗಿಯಾಗಿ ಕಳಿಸಿ, ಆಮೇಲೆ ವಾರದ ಅಭ್ಯಾಸ ಬರೆದುಕೊಡುತ್ತೇನೆ.